ಮಾರುವ ಮಾತು, ಓದಿಸುವ ಮಾತು

ಹೊಸ ಪುಸ್ತಕ ಬಂದೊಡನೆ ಲೇಖಕ ಪಾಡ್‌ಕಾಸ್ಟ್‌ನಲ್ಲಿ ಕೂತರೆ ‘ಸರಕು ಮಾರಲು ಹೊರಟ’ ಎಂದು ಮೂಗು ಮುರಿಯುವವರಿದ್ದಾರೆ. ಅವರು ಅಮೆರಿಕದ ಹಾರರ್ ಕಾದಂಬರಿಕಾರ ಗ್ರೇಡಿ ಹೆಂಡ್ರಿಕ್ಸ್ ಮಾತನ್ನು ಕೇಳಬೇಕು. ಸ್ವಂತ ಪಾಡ್‌ಕಾಸ್ಟ್‌ನಲ್ಲಿ ಅವರು ಹೇಳುವುದು ರಕ್ತಪಿಶಾಚಿ ಕಥೆಗಳ ಚರಿತ್ರೆ. 2017ರ ‘ಪೇಪರ್‌ಬ್ಯಾಕ್ಸ್ ಫ್ರಂ ಹೆಲ್’ನಲ್ಲಿ ಬರೆದದ್ದು 1970–80ರ ದಶಕಗಳ, ಜನ ಮರೆತಿದ್ದ ಅಗ್ಗದ ಹಾರರ್ ಕಾದಂಬರಿಗಳ ಬಗ್ಗೆ; ಕೆಲವನ್ನು ವ್ಯಾಲನ್‌ಕೋರ್ಟ್ ಪ್ರಕಾಶನ ಮತ್ತೆ ಅಚ್ಚು ಹಾಕಿಸಿತು.

2025ರ ಅವರ ‘ವಿಚ್‌ಕ್ರಾಫ್ಟ್ ಫಾರ್ ವೇವರ್ಡ್ ಗರ್ಲ್ಸ್’ ನಡೆಯುವುದು 1970ರ ಫ್ಲಾರಿಡಾದಲ್ಲಿ, ಮದುವೆಯಾಗದೆ ಬಸುರಾದ ಹುಡುಗಿಯರನ್ನು ಬಚ್ಚಿಡುವ ಮನೆಯಲ್ಲಿ. ಅಂಥ ಮನೆಗಳು ನಿಜಕ್ಕೂ ಇದ್ದವು. ಹೆತ್ತ ಕೂಸನ್ನು ಬಿಟ್ಟುಕೊಡುವಂತೆ ಹುಡುಗಿಯರನ್ನು ಒತ್ತಾಯಿಸಲಾಗುತ್ತಿತ್ತು. ಲೇಖಕ ಬಾಯಿಬಿಟ್ಟರೆ ಇಂಥ ಚರಿತ್ರೆ ಹತ್ತು ಜನರ ಕಿವಿಗೆ ಬೀಳುತ್ತದೆ. ದೂರಲೇಬೇಕಿದ್ದರೆ, ಮಾಟಗಾತಿಯರ ಬಗ್ಗೆಯಷ್ಟೇ ಕೇಳಿ ಮುಗಿಸುವ ನಿರೂಪಕರನ್ನು ದೂರಿ.