ಗುಡ್ಡ ಯಾರದು?

ಗುಡ್ಡ ಸುತ್ತುವುದು ಹೊಟ್ಟೆ ತುಂಬಿದವರ ಆಟ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಎಂಟು ತಾಸು ಮಗ್ಗದ ಮುಂದೆ ನಿಂತವನಿಗೆ, ಬೆಳಗಿನಿಂದ ರಾತ್ರಿಯ ತನಕ ಅಂಗಡಿಯ ಗಲ್ಲೆಯ ಹಿಂದೆ ಕುಳಿತವನಿಗೆ, ರಜೆಯ ದಿನವೂ ಕಾಲು ಸವೆಸುವ ಹುಚ್ಚು ಏತಕ್ಕೆ ಎಂದು ಕೇಳುವುದು ಸಹಜವೇ. ಆದರೆ ಬ್ರಿಟನ್ನಿನಲ್ಲಿ ಗುಡ್ಡದ ನಡಿಗೆ ದುಡಿಯುವ ಜನರ ಹೋರಾಟದ ವಿಷಯವಾಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಕಡೆಯ ನೂರಾರು ಯುವಕ ಯುವತಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡಪ್ರದೇಶಕ್ಕೆ ಒಡೆಯರ ಅಪ್ಪಣೆ ಕೇಳದೆ ನುಗ್ಗಿದರು. ಸಿರಿವಂತರು ವರ್ಷಕ್ಕೆ ಕೆಲವೇ ದಿನ ಹಕ್ಕಿ ಹೊಡೆಯುವುದಕ್ಕಾಗಿ ಆ ನೆಲವನ್ನು ವರ್ಷವಿಡೀ ಕಾವಲಿಟ್ಟು ಮುಚ್ಚಿದ್ದರು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಅವನೂ ಸೇರಿ ಐವರು ಜೈಲಿಗೆ ಹೋದರು. ಗಿರಣಿಯ ಹೊಗೆ ಕುಡಿದ ಎದೆಗೆ ಭಾನುವಾರ ಒಂದು ದಿನ ಒಳ್ಳೆಯ ಗಾಳಿ ಬೇಕು ಎಂದು ಕೇಳಿದ್ದೇ ಅವರ ಅಪರಾಧ!

ಗುಡ್ಡ ಯಾರದು? ಈ ಪ್ರಶ್ನೆಯನ್ನು ಹಿಡಿದು ಒಂದು ದಿನದ ನಡಿಗೆಯನ್ನು ಇಲ್ಲಿ ಓದುಗರ ಮುಂದೆ ಇಡುತ್ತೇವೆ. ನಡೆಯಬೇಕಾದ ನೆಲ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ರಮ್ ಎಂಬ ದ್ವೀಪ. ಹೆಸರು ಕೇಳಿ ಕೆಲವರಿಗೆ ಶೀಸೆಯ ನೆನಪಾದೀತು. ಹಿಂದೆ ಅದನ್ನು ಕೊಂಡ ಧಣಿಗೂ ಹಾಗೆಯೇ ಆಗಿ, ‘ರಮ್ಮಿನ ದೊರೆ’ ಎನ್ನಿಸಿಕೊಳ್ಳಲು ನಾಚಿ, ಇಂಗ್ಲಿಷಿನಲ್ಲಿ ಆ ಹೆಸರಿಗೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿದ ಎಂದು ಹೇಳುತ್ತಾರೆ. ಹೆಸರು ತಿದ್ದುವುದು ಸುಲಭ. ಚರಿತ್ರೆಯನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಕಾಲಿಗೆ ಸಿಗುವ ನೆಲ

ರಮ್ ದ್ವೀಪದ ವಿಸ್ತಾರ ಸುಮಾರು 26,000 ಎಕರೆ. ಅಲ್ಲಿ ವಾಸಿಸುವ ಜನ ನಲವತ್ತರ ಆಸುಪಾಸು. ನಮ್ಮ ಗಿರಣಿಯ ಒಂದು ಚಾಳಿನಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ! ಮಲೇಗ್ ಎಂಬ ಬಂದರಿನಿಂದ ಸರಕಾರದ ಒಡೆತನದ ಹಡಗು ಹೊರಟು ಕಿನ್‌ಲಾಕ್ ಎಂಬ ಹಳ್ಳಿಗೆ ತಲುಪಿಸುತ್ತದೆ. ದ್ವೀಪದಲ್ಲಿ ಇರುವುದು ಅದೊಂದೇ ಹಳ್ಳಿ. ಅಲ್ಲಿಂದ ಒಂದು ಕಲ್ಲುಕಚ್ಚಾ ದಾರಿ ಕಣಿವೆಯನ್ನು ಏರಿ, ಒಂದು ಕವಲಿನಲ್ಲಿ ಎಡಕ್ಕೆ ತಿರುಗಿ, ಎತ್ತರದ ಬಯಲನ್ನು ದಾಟಿ, ನೈಋತ್ಯದ ಕಡಲತೀರದಲ್ಲಿರುವ ಹ್ಯಾರಿಸ್ ಎಂಬ ಕೊಲ್ಲಿಗೆ ಇಳಿಯುತ್ತದೆ. ಇದೇ ಹೆಸರಿನ ದೊಡ್ಡ ದ್ವೀಪ ಬೇರೆ ಇದೆ, ಇದು ಅದಲ್ಲ. ಹೋಗಿ ಬರಲು ಹದಿನೈದು ಮೈಲಿ. ಒಂದು ಇಡೀ ದಿನದ ಕೆಲಸ.

ಹಳ್ಳಿಯ ಸುತ್ತಿನ ತೋಪನ್ನು ಬಿಟ್ಟರೆ ಮುಂದೆ ಮರವೇ ಅಪರೂಪ. ದಾರಿ ಬಿಟ್ಟು ನಾಲ್ಕು ಹೆಜ್ಜೆ ಹಾಕಿದರೆ ನೆಲದ ಗುಣ ತಿಳಿಯುತ್ತದೆ. ನೋಡಲು ಹುಲ್ಲಿನ ಗುಪ್ಪೆಗಳು, ಹೆದರ್ ಎಂಬ ಮೊಣಕಾಲೆತ್ತರದ ಕುರುಚಲು ಗಿಡ, ನಡುನಡುವೆ ನೆನೆದ ಬಟ್ಟೆಯಂಥ ಹಾವಸೆ. ಕಾಲಿಟ್ಟರೆ ಕಣಕಾಲಿನ ತನಕ ಕಪ್ಪು ಕೆಸರು. ಅದಕ್ಕೆ ಪೀಟ್ ಎನ್ನುತ್ತಾರೆ. ಚಳಿ ಮತ್ತು ನೀರಿನ ದೆಸೆಯಿಂದ ಸತ್ತ ಗಿಡ ಪೂರಾ ಕೊಳೆಯದೆ, ಒಂದರ ಮೇಲೊಂದು ಪದರವಾಗಿ ಸಾವಿರಾರು ವರ್ಷ ಕೂಡಿದ ಮಣ್ಣು ಅದು. ಒಣಗಿಸಿದರೆ ಒಲೆಗೆ ಸೌದೆಯಾಗುತ್ತದೆ. ಗುಪ್ಪೆಯಿಂದ ಗುಪ್ಪೆಗೆ ಹಾರುತ್ತ, ಹಳ್ಳ ದಾಟುತ್ತ, ಗಳಿಗೆಗೊಮ್ಮೆ ಬದಲಾಗುವ ಮಳೆ ಬಿಸಿಲುಗಳಲ್ಲಿ ನೆನೆದು ಒಣಗುತ್ತ ಹೋಗಬೇಕು. ಗಾಳಿ ಬಿದ್ದರೆ ಬೇಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಮುತ್ತಿ ಕಚ್ಚುತ್ತದೆ.

ಎಡಗಡೆ 812 ಮೀಟರ್ ಎತ್ತರದ ಆಸ್ಕಿವಲ್ ಶಿಖರವೂ ಅದರ ಒಡಹುಟ್ಟಿದ ಬೆಟ್ಟಗಳೂ ಮೋಡದಲ್ಲಿ ತಲೆ ಹುದುಗಿಸಿರುತ್ತವೆ. ಕಡಲ ಮೇಲೆ ಬದುಕುವ ಶಿಯರ್‌ವಾಟರ್ ಎಂಬ ಹಕ್ಕಿಗಳು ಆ ಎತ್ತರದಲ್ಲಿ ಬಿಲ ತೋಡಿ, ಲಕ್ಷ ಜೋಡಿಯ ಆಸುಪಾಸಿನಲ್ಲಿ ಮರಿಮಾಡುತ್ತವೆ. ಕಣಿವೆಯಲ್ಲಿ ಕೆಂಪು ಜಿಂಕೆಗಳ ಹಿಂಡು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆ. ಮನುಷ್ಯರ ಸುಳಿವಿಲ್ಲ. “ಎಂಥ ನಿರ್ಜನ ಪ್ರಕೃತಿ! ಮನುಷ್ಯನ ಕೈ ತಾಗದ ನೆಲ!” ಎಂದು ಪೇಟೆಯಿಂದ ಬಂದವನು ಉದ್ಗರಿಸುತ್ತಾನೆ.

ಈ ಉದ್ಗಾರದಲ್ಲಿ ಒಂದು ದೊಡ್ಡ ಸುಳ್ಳಿದೆ.

ಹ್ಯಾರಿಸ್‌ನ ಎರಡು ಗುರುತುಗಳು

ಕೊಲ್ಲಿಗೆ ಇಳಿದವನ ಕಣ್ಣಿಗೆ ಅಲ್ಲಿ ಎರಡು ಗುರುತುಗಳು ಬೀಳುತ್ತವೆ. ಮೊದಲನೆಯದು ನೆಲದ ಮೇಲಿನ ಗೆರೆ. ಇಳಿಜಾರಿನ ತುಂಬ ಒಂದರ ಪಕ್ಕ ಒಂದು ಏರಿ, ನಡುವೆ ಕಾಲುವೆ, ಮತ್ತೆ ಏರಿ. ಹಸಿರು ಹೊದ್ದುಕೊಂಡಿದ್ದರೂ ಸಂಜೆಯ ಓರೆ ಬಿಸಿಲಿನಲ್ಲಿ ಮುದುಕನ ಹಣೆಯ ಗೆರೆಗಳ ಹಾಗೆ ಸ್ಪಷ್ಟವಾಗಿ ಕಾಣುತ್ತವೆ. ಅವು ಹೊಲಗಳು. ನೇಗಿಲು ಹೂಡಲಾಗದ ಆ ಒದ್ದೆ ನೆಲವನ್ನು ಜನ ಕಾಲಿನಿಂದ ತುಳಿಯುವ ಸಲಾಕೆಯಂಥ ಸಲಕರಣೆಯಿಂದ ಅಗೆದು, ಮಣ್ಣು ಏರಿಸಿ, ಕಡಲ ಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು ಗೊಬ್ಬರ ಹಾಕಿ, ಆಲೂಗಡ್ಡೆ, ಓಟ್ಸ್ ಬೆಳೆಯುತ್ತಿದ್ದರು. ಪಕ್ಕದಲ್ಲೇ ಸೂರಿಲ್ಲದ ಮನೆಗಳ ಗೋಡೆಗಳು ಉಳಿದಿವೆ.

ಎರಡನೆಯ ಗುರುತು, ಅದೇ ಬಯಲಿನಲ್ಲಿ ಕಡಲಿಗೆ ಎದುರಾಗಿ ನಿಂತಿರುವ ಕಲ್ಲಿನ ಕಟ್ಟಡ. ಗ್ರೀಕರ ಗುಡಿಯ ಮಾದರಿಯ ಕಂಬಗಳು, ಮೇಲೆ ಮಾಡು, ಒಳಗೆ ಮೂರು ಕಲ್ಲಿನ ಸಮಾಧಿಗಳು. ದೇವರಿಲ್ಲದ ಈ ಗುಡಿಯಲ್ಲಿ ಮಲಗಿರುವವರು ಬುಲೋ ಮನೆತನದ ಮೂವರು.

ಹೊಲದವರು ಎಲ್ಲಿ ಹೋದರು? ಗುಡಿಯವರು ಎಲ್ಲಿಂದ ಬಂದರು? ಉತ್ತರ ಇಲ್ಲಿದೆ.

1826ರಲ್ಲಿ ಈ ದ್ವೀಪದ ಸುಮಾರು 300 ಜನರನ್ನು ಎರಡು ಹಡಗುಗಳಿಗೆ ತುಂಬಿ ಅಟ್ಲಾಂಟಿಕ್ ಆಚೆಗೆ, ಕೆನಡಾದ ಕೇಪ್ ಬ್ರೆಟನ್‌ಗೆ ಕಳಿಸಲಾಯಿತು. ಎರಡು ವರ್ಷದಲ್ಲಿ ಉಳಿದವರಲ್ಲೂ ಬಹುಪಾಲು ಹೊರಟರು. ಜಮೀನ್ದಾರನು ಬಾಕಿ ಗೇಣಿಯನ್ನು ಬಿಟ್ಟುಕೊಟ್ಟ, ಹಡಗಿನ ಖರ್ಚನ್ನೂ ಕೊಟ್ಟ. ಧರ್ಮಾತ್ಮ ಎನ್ನಬೇಡಿ! ಅದು ಅವನಿಗೆ ಲಾಭದ ಲೆಕ್ಕ. ಬಡ ಸಂಸಾರಗಳಿಂದ ಚಿಲ್ಲರೆ ಗೇಣಿ ವಸೂಲು ಮಾಡುವ ಬದಲು ಇಡೀ ದ್ವೀಪವನ್ನು ಒಬ್ಬನೇ ಗುತ್ತಿಗೆದಾರನಿಗೆ ಕೊಟ್ಟು ಸಾವಿರಾರು ಕುರಿ ಬಿಡಿಸಿದರೆ ಆದಾಯ ಹೆಚ್ಚು. ಮನುಷ್ಯರನ್ನು ಖಾಲಿ ಮಾಡಿಸಿದ ಮೇಲೆ ಕುರಿ ಕಾಯಲೂ ಜನ ಸಾಲದೆ ಹೊರಗಿನಿಂದ ಕೆಲವು ಸಂಸಾರಗಳನ್ನು ತರಿಸಬೇಕಾಯಿತು. ಕುರಿಯ ಲಾಭವೂ ಬಹಳ ಕಾಲ ನಿಲ್ಲಲಿಲ್ಲ. 1845ರಲ್ಲಿ ಸಾಲ್ಸ್‌ಬರಿಯ ಪ್ರಭುವೊಬ್ಬ ದ್ವೀಪವನ್ನು ಕೊಂಡು, ಬೇಟೆಗಾಗಿ ಹೊರಗಿನಿಂದ ಜಿಂಕೆ ತರಿಸಿ ಬಿಟ್ಟ. ಮನುಷ್ಯನ ಬದಲು ಕುರಿ, ಕುರಿಯ ಬದಲು ಜಿಂಕೆ. ಇದು ಆ ಬಯಲಿನ ಸಂಕ್ಷಿಪ್ತ ಚರಿತ್ರೆ. ಸ್ಕೈ ದ್ವೀಪದ ಬಡ ಒಕ್ಕಲುಗಳು ಪೋಲೀಸರ ಲಾಠಿಗೆ ಎದುರಾಗಿ ನಿಂತ ಮೇಲೆ, 1886ರಲ್ಲಿ, ಒಕ್ಕಲೆಬ್ಬಿಸುವಿಕೆಗೆ ತಡೆ ಹಾಕುವ ಕಾಯಿದೆ ಬಂತು. ರಮ್‌ನ ಜನರಿಗೆ ಅದು ಅರುವತ್ತು ವರ್ಷ ತಡವಾಗಿತ್ತು.

ಗಿರಣಿಯ ದುಡ್ಡು

ಗುಡಿಯವರ ಕಥೆ ನಮ್ಮ ಗಿರಣಿಯ ಬಂಧುಗಳು ಕಿವಿಗೊಟ್ಟು ಕೇಳಬೇಕಾದದ್ದು. ಜೇಮ್ಸ್ ಬುಲೋ ಲ್ಯಾಂಕಶೈರಿನ ನೇಕಾರ. ಕೈಯಲ್ಲಿ ಕಸಬಿತ್ತು, ತಲೆಯಲ್ಲಿ ಬುದ್ಧಿಯಿತ್ತು. ಕೆನ್‌ವರ್ದಿ ಎಂಬವನ ಜೊತೆ 1841ರ ಸುಮಾರಿಗೆ ಯಂತ್ರಮಗ್ಗವನ್ನು ಸುಧಾರಿಸಿದ. ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುವ ಯುಕ್ತಿ ಅದರಲ್ಲಿತ್ತು. ಲ್ಯಾಂಕಶೈರ್ ಮಗ್ಗವೆಂದು ಲೋಕಕ್ಕೆಲ್ಲ ಹಬ್ಬಿದ್ದು ಅದೇ. ಆಕ್ರಿಂಗ್ಟನ್ ಊರಿನಲ್ಲಿ ‘ಹೊವಾರ್ಡ್ ಅಂಡ್ ಬುಲೋ’ ಕಾರಖಾನೆ ಬೆಳೆಯಿತು. ಅದರ ರಿಂಗ್ ಫ್ರೇಮುಗಳು ಜಗತ್ತಿನ ನೂಲಿನ ಗಿರಣಿಗಳಿಗೆ ಹೋದವು, ಭಾರತಕ್ಕೂ ಬಂದವು. ಹಳೆಯ ಗಿರಣಿಗಳಲ್ಲಿ ದುಡಿದ ಹಿರಿಯರು ಎರಕದ ಕಬ್ಬಿಣದ ಮೇಲೆ ಆ ಹೆಸರನ್ನು ನೋಡಿದ್ದರೆ ಆಶ್ಚರ್ಯವಿಲ್ಲ.

ಜೇಮ್ಸನ ಮಗ ಜಾನ್ 1888ರಲ್ಲಿ ರಮ್ ದ್ವೀಪವನ್ನೇ ಕೊಂಡ. ಮೊಮ್ಮಗ ಜಾರ್ಜ್ 1897ರಿಂದ 1900ರ ವರೆಗೆ ಕಿನ್‌ಲಾಕ್‌ನಲ್ಲಿ ಅರಮನೆ ಕಟ್ಟಿಸಿದ. ಕೆಂಪು ಕಲ್ಲು ಹಡಗಿನಲ್ಲಿ ಬಂತು. ತೋಟಕ್ಕೆ ಮಣ್ಣೂ ಹಡಗಿನಲ್ಲಿ ಬಂತು! ಕಡಲ ಪಾಚಿ ಹೊತ್ತು ಮಣ್ಣು ಮಾಡಿಕೊಂಡಿದ್ದ ಜನರನ್ನು ಹಡಗಿನಲ್ಲಿ ಹೊರಗೆ ಕಳಿಸಿದ ನೆಲಕ್ಕೆ, ಧಣಿಯ ಹೂವಿಗಾಗಿ ಹಡಗಿನಲ್ಲಿ ಮಣ್ಣು ತರಿಸಿದ ವಿಚಿತ್ರವನ್ನು ಓದುಗರು ಗಮನಿಸಬೇಕು. ಹಳ್ಳಕ್ಕೆ ಅಣೆ ಕಟ್ಟಿ ಅರಮನೆಗೆ ವಿದ್ಯುತ್ ದೀಪ ಹಾಕಿಸಿದರು. ಸ್ಕಾಟ್ಲೆಂಡಿನಲ್ಲಿ ಅಂಥ ದೀಪ ಕಂಡ ಮೊದಲ ಕೆಲವೇ ಮನೆಗಳಲ್ಲಿ ಅದೊಂದು. ತಾನಾಗಿ ನುಡಿಯುವ ದೊಡ್ಡ ವಾದ್ಯಯಂತ್ರವನ್ನು ಮೆಟ್ಟಿಲ ಕೆಳಗೆ ಕೂರಿಸಿದರು. ಧಣಿ ಅಲ್ಲಿ ಇರುತ್ತಿದ್ದದ್ದು ವರ್ಷದಲ್ಲಿ ಕೆಲವು ವಾರ, ಬೇಟೆಯ ಕಾಲದಲ್ಲಿ. ಉಳಿದ ಕಾಲಕ್ಕೂ ಹೊರಗಿನವರು ಕಾಲಿಡುವಂತಿಲ್ಲ. ಸುತ್ತಿನ ಜನ ಅದನ್ನು ‘ನಿಷಿದ್ಧ ದ್ವೀಪ’ ಎಂದು ಕರೆದರು.

ನಾವು ಯಂತ್ರವನ್ನು ಹಳಿಯುತ್ತಿಲ್ಲ. ಜೇಮ್ಸ್ ಬುಲೋನ ಜಾಣತನ ದುಡಿಯುವವನ ಜಾಣತನ. ಅದಕ್ಕೆ ಕೈ ಮುಗಿಯೋಣ. ಆದರೆ ಒಂದು ರಿಂಗ್ ಫ್ರೇಮು ತಾನಾಗಿ ದುಡ್ಡು ಹೆರುವುದಿಲ್ಲ. ಅದನ್ನು ಎರಕ ಹೊಯ್ದ ಆಕ್ರಿಂಗ್ಟನ್ನಿನ ಕಾರ್ಮಿಕ, ಅದರ ಮುಂದೆ ಕಡಿದ ಎಳೆ ಜೋಡಿಸಿದ ಸಾವಿರ ಊರುಗಳ ಕೂಲಿಗಳು, ಇವರೆಲ್ಲರ ಬೆವರಿನಲ್ಲಿ ಉಳಿಕೆಯಾದದ್ದು ಒಂದು ಕೈಗೆ ಸೇರಿತು. ಆ ಕೈ ಅದರಿಂದ 26,000 ಎಕರೆ ನೆಲವನ್ನು ಕೊಂಡು ಬಾಗಿಲು ಹಾಕಿಕೊಂಡಿತು. ಗಿರಣಿಯ ಪ್ರಶ್ನೆ ಬೇರೆ, ಭೂಮಿಯ ಪ್ರಶ್ನೆ ಬೇರೆ ಎನ್ನುವವರು ಹ್ಯಾರಿಸ್‌ನ ಆ ಬಯಲಿನಲ್ಲಿ ಒಂದು ಗಳಿಗೆ ನಿಂತು ನೋಡಲಿ. ಅಲ್ಲಿ ಎರಡೂ ಒಂದೇ ಕಡೆ ಕೂಡಿವೆ.

ಸರಕಾರದ್ದಾದರೆ ಸಾಕೆ?

1957ರಲ್ಲಿ ಜಾರ್ಜನ ಹೆಂಡತಿ ಮೋನಿಕಾ ದ್ವೀಪವನ್ನು ಸರಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆಗೆ ಮಾರಿದಳು. ಇದರಿಂದ ಒಳ್ಳೆಯದಾಗಿದೆ ಎಂಬುದನ್ನು ಒಪ್ಪಬೇಕು. ಬೇಟೆಯ ಹಸಿವಿಗೆ ಬ್ರಿಟನ್ನಿನಲ್ಲಿ ನಿರ್ನಾಮವಾಗಿದ್ದ ಬಿಳಿಬಾಲದ ಕಡಲ ಹದ್ದನ್ನು 1975ರಿಂದ ನಾರ್ವೆಯಿಂದ ತಂದು ಇಲ್ಲಿಂದಲೇ ಮತ್ತೆ ಹಾರಿಬಿಟ್ಟರು. 1953ರಿಂದ ನಡೆದು ಬಂದ ಕೆಂಪು ಜಿಂಕೆಯ ಅಭ್ಯಾಸ ವಿಜ್ಞಾನಿಗಳ ಲೋಕದಲ್ಲಿ ಹೆಸರಾಗಿದೆ. ಇಂಥ ಕೆಲಸಕ್ಕೆ ಜನರು ಅಡ್ಡಿ, ಅವರಿಲ್ಲದಿದ್ದರೇ ಹಕ್ಕಿಗೆ ಸುಖ ಎಂದು ವಾದಿಸುವವರೂ ಇದ್ದಾರೆ. ಆದರೆ ರಮ್‌ನ ಹದ್ದನ್ನು ಓಡಿಸಿದವರು ಆಲೂಗಡ್ಡೆ ಬೆಳೆಯುತ್ತಿದ್ದ ಬಡವರಲ್ಲ. ಅವರು ಹೋದ ಮೇಲೆ ಕುರಿ ಮತ್ತು ಬೇಟೆಯ ಯಜಮಾನಿಕೆ ನಡೆದ ಕಾಲದಲ್ಲೇ ಅದು ಕಣ್ಮರೆಯಾಯಿತು.

ಇಲ್ಲಿ ಸಮಾಜವಾದಿಗಳಾದ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಧಣಿಯ ಕೈಯಿಂದ ಸರಕಾರದ ಕೈಗೆ ಬಂದರೆ ನೆಲ ಜನರದಾಯಿತೆ? 1957ರ ಅನಂತರ ಐವತ್ತು ವರ್ಷ ರಮ್‌ನಲ್ಲಿ ವಾಸಿಸಿದವರು ಬಹುತೇಕ ಆ ಸಂಸ್ಥೆಯ ನೌಕರರು, ಅವರ ಸಂಸಾರಗಳು. ನೌಕರಿ ಹೋದರೆ ಮನೆಯೂ ಹೋಯಿತು. ಬೇಲಿಯ ಮೇಲಿನ ಹಲಗೆ ಬದಲಾಯಿತು. ಬೇಲಿ ಹಾಗೆಯೇ ಉಳಿಯಿತು. 2009-10ರಲ್ಲಿ ಹಳ್ಳಿಯ ನೆಲ ಮತ್ತು ಮನೆಗಳು ದ್ವೀಪದ ಜನರದೇ ಆದ ಟ್ರಸ್ಟಿಗೆ ಬಂದಾಗ ಮಾತ್ರ, ಹೊಸ ಒಕ್ಕಲುಗಳು ನೆಲೆಯೂರುವ ದಾರಿ ತೆರೆಯಿತು. ಆದರೂ ದ್ವೀಪದ ಬಹುಭಾಗ ಇಂದಿಗೂ ಸಂಸ್ಥೆಯದೇ. ಅರಮನೆಯಂತೂ ಸೋರಿ ಶಿಥಿಲವಾಗಿ ಯಾರಿಗೂ ಬೇಡದ ಹೊರೆಯಾಯಿತು. ಒಬ್ಬ ಸಿರಿವಂತನಿಗೆ ಅದನ್ನು ಮಾರುವ ಮಾತು ನಡೆದು, ಊರಿನ ಭವಿಷ್ಯದ ಚರ್ಚೆ ಎದ್ದು, 2023ರಲ್ಲಿ ಆತ ಹಿಂದೆ ಸರಿದ.

ಬೇರೆ ದಾರಿ ಇಲ್ಲವೆ? ಇದೆ. ರಮ್‌ನ ನೆರೆಯಲ್ಲೇ ಎಗ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿನ ಅರುವತ್ತು ಚಿಲ್ಲರೆ ಜನ ಧಣಿಗಳ ಕಾಟಕ್ಕೆ ಬೇಸತ್ತು, ದೇಶವಿದೇಶಗಳಿಂದ ವಂತಿಗೆ ಎತ್ತಿ, 15 ಲಕ್ಷ ಪೌಂಡು ಕೂಡಿಸಿ, 1997ರ ಜೂನ್ 12ರಂದು ತಮ್ಮ ದ್ವೀಪವನ್ನು ಟ್ರಸ್ಟಿನ ಹೆಸರಿಗೆ ಕೊಂಡರು. 2008ರಲ್ಲಿ ಗಾಳಿ, ನೀರು, ಬಿಸಿಲುಗಳಿಂದ ಸ್ವಂತ ವಿದ್ಯುತ್ ಮಾಡಿ ಊರಿಗೆಲ್ಲ ಹಗಲೂ ರಾತ್ರಿಯೂ ದೀಪ ಕೊಟ್ಟರು. ಜನಸಂಖ್ಯೆ ನೂರನ್ನು ದಾಟಿತು. 1900ರಲ್ಲಿ ಒಂದು ಅರಮನೆಗಾಗಿ ಹಳ್ಳದ ನೀರು ದೀಪ ಉರಿಸಿತು. 2008ರಲ್ಲಿ ನೆರೆಯ ದ್ವೀಪದಲ್ಲಿ ಹಳ್ಳದ ನೀರು ಎಲ್ಲರ ಮನೆಯ ದೀಪ ಉರಿಸಿತು. ನೀರಿಗೆ ಗೊತ್ತಿರಲಿಲ್ಲ, ಒಡೆತನಕ್ಕೆ ಗೊತ್ತಿತ್ತು. ವ್ಯತ್ಯಾಸವೆಲ್ಲ ಅಲ್ಲೇ ಇದೆ.

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯಿದೆ ಗುಡ್ಡ, ಬಯಲು, ಕೆರೆಗಳಲ್ಲಿ ಬಹುಪಾಲು ಎಲ್ಲೆಡೆ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಬೆಳೆ ತುಳಿಯಬಾರದು, ಮನೆಯಂಗಳಕ್ಕೆ ನುಗ್ಗಬಾರದು, ಹೊಣೆಯರಿತು ನಡೆಯಬೇಕು, ಅಷ್ಟೆ. ನಿಷಿದ್ಧ ದ್ವೀಪದಲ್ಲಿ ಇಂದು ಯಾವ ಕೂಲಿಯ ಮಗಳೂ ತಲೆಯೆತ್ತಿ ನಡೆಯಬಹುದು. ಇದು ಸಣ್ಣ ಗೆಲುವಲ್ಲ. ಇದಕ್ಕಾಗಿ ಜೈಲು ಕಂಡವರನ್ನು ಮರೆಯಬಾರದು.

ಆದರೆ ನಡೆಯುವ ಹಕ್ಕು ಅರ್ಧ ಹಕ್ಕು. ಒಂದು ದಿನ ನಡೆದು ಸಂಜೆಯ ಹಡಗು ಹತ್ತುವವನಿಗೆ ಅದು ಸಾಕು. ಅಲ್ಲಿಯೇ ಹುಟ್ಟಿ, ದುಡಿದು, ಮಕ್ಕಳನ್ನು ಬೆಳೆಸಬೇಕೆನ್ನುವವನಿಗೆ ಸಾಲದು. ಅವನಿಗೆ ಬೇಕಾದದ್ದು ನೆಲೆಸುವ ಹಕ್ಕು, ಆ ನೆಲದ ಮೇಲೆ ಏನು ನಡೆಯಬೇಕೆಂದು ತೀರ್ಮಾನಿಸುವ ಹಕ್ಕು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ನಾವು ಬೀದಿಯಲ್ಲಿ ಕೂಗಿ ಕಲಿತವರು. ಖಾಲಿ ಬಯಲಿನ ಚಿತ್ರ ತೋರಿಸಿ, “ನೋಡಿ, ಎಷ್ಟು ಸುಂದರ, ಇಲ್ಲಿ ಯಾರೂ ಇಲ್ಲ” ಎಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಯಾರಿದ್ದರು, ಅವರನ್ನು ಕಳಿಸಿದವರು ಯಾರು?