ದೂರಯಾನಿಗೆ ದುರಸ್ತಿಯ ವಿದ್ಯೆಯೇ ಪಾಥೇಯ

ಮೋಟಾರ್ ಸೈಕಲ್ಲನ್ನೇರಿ ಏಕಾಕಿಯಾಗಿ ದೇಶಾಂತರಗಳನ್ನು ಸುತ್ತಿ ಬರಬೇಕೆಂಬ ಹಂಬಲವು ನಮ್ಮ ನಾಡಿನ ತರುಣ ತರುಣಿಯರಲ್ಲಿ ಈಚಿನ ವರ್ಷಗಳಲ್ಲಿ ಪ್ರಬಲವಾಗುತ್ತಿರುವುದು ಸಂತೋಷಪಡತಕ್ಕ ಸಂಗತಿ. ಕನ್ನಡನಾಡಿನವರೇ ಆದ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿನಿಂದ ಹೊರಟು ಆಸ್ಟ್ರೇಲಿಯದ ಸಿಡ್ನಿಯವರೆಗೆ ಒಬ್ಬರೇ ಸವಾರಿ ಮಾಡಿ ತೋರಿಸಿದ ಮೇಲಂತೂ, ಇಂಥ ಸಾಹಸವು ಪಾಶ್ಚಾತ್ಯರಿಗೆ ಮೀಸಲಾದುದೆಂಬ ಸಂಕೋಚಕ್ಕೆ ಕಾರಣವೇ ಉಳಿದಿಲ್ಲ. ಆದರೆ ಈ ಯಾತ್ರೆಗೆ ಅಣಿಯಾಗುವವರಲ್ಲಿ ಅನೇಕರು ವೀಸಾ, ಹಣ, ಉಡುಪು, ಪೆಟ್ಟಿಗೆ, ಕ್ಯಾಮೆರಾಗಳ ವಿಷಯದಲ್ಲಿ ತಿಂಗಳುಗಟ್ಟಲೆ ವಿಚಾರ ಮಾಡುತ್ತಾರಾದರೂ, ಜನಸಂಚಾರವಿಲ್ಲದ ಎಡೆಯಲ್ಲಿ ಬಂಡಿ ಕೆಟ್ಟು ನಿಂತರೆ ಮಾಡತಕ್ಕದ್ದೇನು ಎಂಬ ಪ್ರಶ್ನೆಯನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟುಬಿಡುತ್ತಾರೆ. ತನ್ನ ವಾಹನವನ್ನು ತನ್ನ ಕೈಯಿಂದಲೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ನೋಡದವನು ಒಂಟಿಯಾಗಿ ಗಡಿ ದಾಟಲು ಇನ್ನೂ ಸಿದ್ಧನಾಗಿಲ್ಲವೆಂಬುದೂ, ಹಾಗೆ ಬಿಚ್ಚಿ ನೋಡುವ ಅವಕಾಶವನ್ನು ವಾಹನದ ಒಡೆಯನಿಗೆ ಉಳಿಸಿಕೊಡುವುದು ತಯಾರಕರ ಮತ್ತು ಸರ್ಕಾರದ ಕರ್ತವ್ಯವೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಯಂತ್ರವು ಅಕಾರಣವಾಗಿ ಕೆಡುವುದಿಲ್ಲ; ಕೆಡುವುದಕ್ಕೆ ಮುನ್ನ ಬಹುಮಟ್ಟಿಗೆ ಸೂಚನೆಯನ್ನೂ ಕೊಡುತ್ತದೆ. ಕಲ್ಲುದಾರಿಯ ಸತತ ಕಂಪನದಿಂದ ಬೋಲ್ಟುಗಳು ಸಡಿಲವಾಗುತ್ತವೆ. ಹ್ಯಾಂಡಲ್ ತಿರುಗುವೆಡೆಯಲ್ಲಿ ವೈರುಗಳು ಉಜ್ಜಿ ಉಜ್ಜಿ ಒಳಗಿನ ತಾಮ್ರ ಹೊರಬೀಳುತ್ತದೆ. ಮಿತಿಮೀರಿದ ಹೊರೆಯಿಂದ ಹಿಂಚಕ್ರದ ಕಡ್ಡಿಗಳು ಮುರಿಯುತ್ತವೆ, ಪೆಟ್ಟಿಗೆಯನ್ನು ಹೊತ್ತ ಕ್ಯಾರಿಯರಿನ ಬೆಸುಗೆ ಬಿಡುತ್ತದೆ. ಮರಳುನಾಡಿನ ಧೂಳು ಏರ್ ಫಿಲ್ಟರನ್ನು ಮುಚ್ಚಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಎಣ್ಣೆ ಕಾಣದ ಚೈನು ತಾನು ಸವೆಯುವುದಲ್ಲದೆ ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ಸವೆಯಿಸುತ್ತದೆ. ಇವುಗಳಲ್ಲಿ ಯಾವುದೂ ಒಂದು ದಿನದಲ್ಲಿ ಸಂಭವಿಸುವುದಲ್ಲ. ಆದುದರಿಂದ ಪ್ರತಿದಿನವೂ ಬೀಡು ಬಿಟ್ಟೊಡನೆ, ಬೆಳಕು ಇರುವಾಗಲೇ, ಬಂಡಿಯ ಸುತ್ತ ಕುಳಿತು ಎದ್ದು, ಬೋಲ್ಟುಗಳನ್ನು ಮುಟ್ಟಿ, ಚೈನಿನ ಬಿಗಿತವನ್ನು ಅಳೆದು, ಎಣ್ಣೆಯ ಮಟ್ಟವನ್ನು ನೋಡಿ, ಚಕ್ರವನ್ನು ತಿರುಗಿಸಿ ಕಿವಿಗೊಡುವ ಅಭ್ಯಾಸವುಳ್ಳವನಿಗೆ ದಾರಿಯ ನಡುವಿನ ಆಪತ್ತುಗಳಲ್ಲಿ ಅರ್ಧಕ್ಕರ್ಧ ಸಂಭವಿಸುವುದೇ ಇಲ್ಲ.

ಇಷ್ಟಾದರೂ ಬಂಡಿಯು ಎಂದಾದರೊಂದು ದಿನ ನಿಂತೇ ನಿಲ್ಲುತ್ತದೆ. ಆಗ ಯಂತ್ರಕ್ಕಿಂತ ಮೊದಲು ಸಂಭಾಳಿಸಿಕೊಳ್ಳಬೇಕಾದದ್ದು ಸವಾರನ ಚಿತ್ತ. ಏಕೆಂದರೆ ಗಾಬರಿಯಿಂದ ಸ್ಪ್ಯಾನರ್ ಹಿಡಿದವನು ಕೆಡದಿದ್ದುದನ್ನೂ ಕೆಡಿಸುವುದು ಸುಲಭ. ಬಂಡಿಯನ್ನು ರಸ್ತೆಯ ಅಂಚಿಗೆ ಸರಿಸಿ, ನೆರಳನ್ನು ನೋಡಿಕೊಂಡು, ನೀರು ಕುಡಿದು, ಎಂಜಿನ್ ಆರುವವರೆಗೆ ಕಾದು, ಅನಂತರ ಸರಳವಾದುದರಿಂದ ಜಟಿಲವಾದುದರ ಕಡೆಗೆ ಕ್ರಮವಾಗಿ ಪರೀಕ್ಷಿಸುತ್ತ ಹೋಗುವುದು ವಿವೇಕಿಗಳ ಮಾರ್ಗ. ಬೆರಳು ತಾಕಿ ಕಿಲ್ ಸ್ವಿಚ್ ಆಫ್ ಆಗಿದೆಯೇ, ಕೆಸರು ಮೆತ್ತಿ ಸೈಡ್ ಸ್ಟ್ಯಾಂಡಿನ ಸ್ವಿಚ್ ಅಂಟಿಕೊಂಡಿದೆಯೇ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಇದ್ದುದು ಎಂಜಿನ್ನನ್ನು ತಲುಪುತ್ತಿದೆಯೇ, ಫ್ಯೂಸ್ ಸುಟ್ಟಿದೆಯೇ, ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ, ಗಾಳಿಯ ದಾರಿ ತೆರೆದಿದೆಯೇ ಎಂಬ ಇಷ್ಟು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವಷ್ಟರಲ್ಲಿ ಬಹಳ ಸಲ ಬಂಡಿ ಚಾಲೂ ಆಗಿರುತ್ತದೆ.

ವಿದ್ಯುತ್ತಿನ ದೋಷವು ಕಣ್ಣಿಗೆ ಕಾಣದ್ದರಿಂದ ಅದನ್ನು ಕಂಡು ಹೆದರುವವರು ಹೆಚ್ಚು. ಆದರೆ ಅಂಗೈಯಗಲದ ಒಂದು ಮಲ್ಟಿಮೀಟರ್ ಅದರ ಗುಟ್ಟನ್ನು ಬಯಲು ಮಾಡಬಲ್ಲದು. ಪೂರ್ಣವಾಗಿ ಚಾರ್ಜ್ ಆದ ಬ್ಯಾಟರಿಯು ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟನ್ನೂ, ಎಂಜಿನ್ ವೇಗವಾಗಿ ತಿರುಗುವಾಗ ಸುಮಾರು 14 ವೋಲ್ಟನ್ನೂ ತೋರಿಸಬೇಕು. ಎಂಜಿನ್ ತಿರುಗಿದರೂ ಈ ಅಂಕಿ ಮೇಲೇರದಿದ್ದರೆ, ಬ್ಯಾಟರಿಗೆ ವಿದ್ಯುತ್ತನ್ನು ಉಣಿಸತಕ್ಕ ಕಾಯಿಲ್, ರೆಗ್ಯುಲೇಟರ್ ಅಥವಾ ಅವುಗಳ ವೈರಿನಲ್ಲಿ ದೋಷವಿದೆಯೆಂದು ತಿಳಿಯಬೇಕು. ಇದನ್ನರಿಯದವನು ಪರದೇಶದಲ್ಲಿ ಹೆಚ್ಚು ಹಣ ತೆತ್ತು ಹೊಸ ಬ್ಯಾಟರಿಯನ್ನು ಹಾಕಿಸಿಕೊಂಡು, ಅದು ಬರಿದಾದೊಡನೆ ಮತ್ತೊಂದು ನಿರ್ಜನ ಪ್ರದೇಶದಲ್ಲಿ ನಿಲ್ಲುತ್ತಾನೆ. ಟ್ಯೂಬು, ಪಂಚರ್ ಸಾಮಾನು, ಟೈರ್ ಕಳಚುವ ಲಿವರುಗಳು, ಪಂಪು, ಚೈನಿನ ಲಿಂಕು, ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟ ಇನ್ನೊಂದು ಕ್ಲಚ್ ಕೇಬಲ್, ಪ್ಲಗ್ಗು, ಫ್ಯೂಸು, ಕಲ್ಲು ಬಡಿದು ಎಂಜಿನ್ನಿನ ಕವಚ ಸೀಳಿದರೆ ಮೆತ್ತಲು ಎಂ-ಸೀಲ್, ಇಷ್ಟು ಜೊತೆಯಲ್ಲಿರತಕ್ಕದ್ದು. ಆದರೆ ವಿದ್ಯೆಯಿಲ್ಲದವನ ಬಳಿ ಈ ಸಾಮಗ್ರಿಯೆಲ್ಲ ಇದ್ದರೂ, ಅಡಿಗೆ ಬಾರದವನ ಮನೆಯಲ್ಲಿ ಪಾತ್ರೆ ಪಡಗ ತುಂಬಿದ್ದಂತೆಯೇ ಸರಿ.

ಕೆಟ್ಟುದನ್ನು ಸರಿಪಡಿಸುವುದಷ್ಟೇ ಈ ವಿದ್ಯೆಯಲ್ಲ. ಕೆಡದಿದ್ದುದನ್ನು ಮುಟ್ಟದಿರುವುದೂ ಇದರ ಅಂಗ. ತಾಜಿಕಿಸ್ತಾನದ ಪಾಮೀರ್ ಹೆದ್ದಾರಿಯು ಅಕ್ ಬೈತಾಲ್ ಕಣಿವೆಯಲ್ಲಿ 4,655 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಕಾರ್ಬುರೇಟರ್ ಉಳ್ಳ ಹಳೆಯ ಬಂಡಿಗೆ ಅಲ್ಲಿ ಗಾಳಿ ಸಾಲದೆ, ಪೆಟ್ರೋಲ್ ಹೆಚ್ಚಾಗಿ, ಪ್ಲಗ್ಗು ಮಸಿ ಹಿಡಿದು, ಏರಿನಲ್ಲಿ ಶಕ್ತಿಯೇ ಉಡುಗಿಹೋಗುತ್ತದೆ. ಕಾರಣವನ್ನು ಬಲ್ಲವನು ಪ್ಲಗ್ಗನ್ನು ಒರೆಸಿಕೊಂಡು ಮೆಲ್ಲಗೆ ಇಳಿದರೆ ಬಂಡಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ; ಅರಿಯದವನು ಆ ಚಳಿಗಾಳಿಯಲ್ಲಿ ಎಂಜಿನ್ನನ್ನು ಬಿಚ್ಚಿ ಹರಡಿ, ಇಲ್ಲದ ರೋಗಕ್ಕೆ ಚಿಕಿತ್ಸೆ ಮಾಡಿ, ನಿಜವಾದ ರೋಗವನ್ನು ತಂದುಕೊಳ್ಳುತ್ತಾನೆ.

ಪರದೇಶದಲ್ಲಿ ಬಂಡಿ ಕೆಡುವುದಕ್ಕೆ ಕಾನೂನಿನ ಮುಖವೂ ಒಂದುಂಟು. ಸವಾರರು ಕಾರ್ನೆಟ್ ಎಂದು ಕರೆಯುವ ಬಂಡಿಯ ರಹದಾರಿ ಪುಸ್ತಕವನ್ನು, ಅದನ್ನು ಕೇಳುವ ದೇಶಗಳಿಗಾಗಿ, ಜಾಮೀನು ಹಣ ಕಟ್ಟಿ, ನಮ್ಮಲ್ಲಿ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ನಿನಿಂದ ಪಡೆಯಬೇಕು. ಒಂದು ವರ್ಷದ ಅವಧಿಯುಳ್ಳ ಆ ಪುಸ್ತಕದ ಪ್ರತಿ ಹಾಳೆಯಲ್ಲೂ ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು ಭಾಗವಿದ್ದು, ಒಳಬಂದ ಬಂಡಿ ಹೊರಹೋಯಿತೆಂಬುದಕ್ಕೆ ಮುದ್ರೆ ಬೀಳದಿದ್ದರೆ ಆ ದೇಶದ ಸುಂಕದವರು ಜಾಮೀನಿನ ಮೇಲೆ ಹಕ್ಕು ಸಾಧಿಸಬಹುದು. ಕೆಟ್ಟ ಬಂಡಿಯನ್ನು ಅಲ್ಲಿಯೇ ತೊರೆದು ವಿಮಾನ ಹತ್ತಿ ಬರುವುದು ಹೀಗೆ ದುಬಾರಿಯಾದ ಮಾತು. ತುರ್ಕ್‌ಮೆನಿಸ್ತಾನದಂಥ ದೇಶವನ್ನು ಹಾದುಹೋಗುವ ವೀಸಾಕ್ಕೆ ಸಾಮಾನ್ಯವಾಗಿ ಐದು ದಿನಗಳಷ್ಟೇ ಗಡುವು. ಕಾರಕುಮ್ ಮರುಭೂಮಿಯ ನಡುವೆ ಬೇರಿಂಗ್ ಮುರಿದವನಿಗೆ ಊರಿನಿಂದ ಬಿಡಿಭಾಗ ತರಿಸುವಷ್ಟು ಕಾಲಾವಕಾಶವೆಲ್ಲಿಯದು? ಇಂಥ ಪ್ರಸಂಗದಲ್ಲಿ ತಾತ್ಕಾಲಿಕವಾಗಿಯಾದರೂ ಬಂಡಿಯನ್ನು ಗಡಿಯವರೆಗೆ ನಡೆಸಬಲ್ಲ ಉಪಾಯ ತಿಳಿದಿರುವುದೇ ಅವನ ನಿಜವಾದ ವಿಮೆ.

ಈ ವಿದ್ಯೆಗೆ ಹುಟ್ಟಿನಿಂದಲೇ ಕುಶಲಿಯಾಗಿರಬೇಕೆಂಬ ನಿಯಮವಿಲ್ಲ. 1973ರ ಅಕ್ಟೋಬರಿನಲ್ಲಿ 500 ಸಿಸಿಯ ಟ್ರಯಂಫ್ ಏರಿ ಇಂಗ್ಲೆಂಡಿನಿಂದ ಹೊರಟು, ನಾಲ್ಕು ವರ್ಷಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮೈಲಿ ಕ್ರಮಿಸಿ, ಭಾರತವನ್ನೂ ಹಾದು 1977ರಲ್ಲಿ ಮರಳಿದ ಟೆಡ್ ಸೈಮನ್ ಪತ್ರಕರ್ತರಾಗಿದ್ದವರು. ಆ ಯಾತ್ರೆಗೆಂದೇ ನಲವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಸವಾರಿಯನ್ನು ಕಲಿತು, ದಾರಿಯಲ್ಲಿ ಎಂಜಿನ್ ಕೈಕೊಟ್ಟಾಗ ಬಿಚ್ಚಿ ಜೋಡಿಸುವುದನ್ನೂ ಕಲಿತರು. ಅದೇ 1973ರಲ್ಲಿ ಫ್ರಾನ್ಸಿನ ಆನ್ ಫ್ರಾನ್ಸ್ ದೋತವಿಲ್ ಕೇವಲ 125 ಸಿಸಿಯ ಕವಾಸಾಕಿಯಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು. 1982ರಲ್ಲಿ ಇಂಥದೇ ಯಾತ್ರೆಗೆ ಹೊರಟ ಎಲ್ಸ್‌ಪೆತ್ ಬಿಯರ್ಡ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿನಿಯು ಹಳೆಯ ಬಿಎಂಡಬ್ಲ್ಯು ಬಂಡಿಯನ್ನು ತಮ್ಮ ಕೈಯಿಂದಲೇ ನೋಡಿಕೊಳ್ಳುತ್ತ, ಸಿಡ್ನಿಯಲ್ಲಿ ತಂಗಿದಾಗ ಅಲ್ಯುಮಿನಿಯಂ ತಗಡಿನಿಂದ ತಾವೇ ಪೆಟ್ಟಿಗೆಗಳನ್ನು ಮಾಡಿಕೊಂಡರು. ತಾಯ್ಲೆಂಡಿನಲ್ಲಿ ನಾಯಿಗೆ ಡಿಕ್ಕಿ ಹೊಡೆದು ಬಿದ್ದು ಗಾಯಗೊಂಡಾಗ ಬಡ ಕುಟುಂಬವೊಂದು ಅವರನ್ನು ಮನೆಯವರಂತೆ ಆರೈಕೆ ಮಾಡಿತು.

ಈ ಕೊನೆಯ ಸಂಗತಿಯು ವಿಶೇಷವಾಗಿ ಮನನೀಯ. ಸ್ವಾವಲಂಬನೆಯೆಂದರೆ ಪರರ ನೆರವನ್ನು ನಿರಾಕರಿಸುವ ಗರ್ವವೆಂದು ತಿಳಿಯಬಾರದು. ಲಾರಿ ಚಾಲಕನೂ ಟ್ರ್ಯಾಕ್ಟರ್ ದುರಸ್ತಿ ಮಾಡುವ ಫಿಟ್ಟರನೂ ಇಲ್ಲದ ದೇಶವಿಲ್ಲ. ಅವರ ಭಾಷೆ ನಮಗೆ ಬಾರದಿದ್ದರೂ, ಮುರಿದ ಭಾಗವನ್ನು ಕಳಚಿ ಅಂಗೈಯಲ್ಲಿಟ್ಟು ತೋರಿಸಬಲ್ಲವನ ಅವಶ್ಯಕತೆ ಅವರಿಗೆ ಒಡನೆಯೇ ಅರ್ಥವಾಗುತ್ತದೆ. ಏನು ಕೆಟ್ಟಿದೆಯೆಂಬುದನ್ನೇ ಅರಿಯದವನು ನೆರವನ್ನು ಕೇಳಲೂ ಅರಿಯನು, ಸಿಕ್ಕ ನೆರವು ಸರಿಯೋ ತಪ್ಪೋ ಎಂಬುದನ್ನು ವಿವೇಚಿಸಲೂ ಅರಿಯನು.

ಉತ್ತಮವಾದ ಹೊಸ ಬಂಡಿಯನ್ನು ಕೊಂಡರೆ ಈ ಚಿಂತೆಯೇ ಬೇಡವೆಂದು ಹೇಳುವವರಿದ್ದಾರೆ. ಹೊಸ ಬಂಡಿ ಅಪರೂಪವಾಗಿ ಕೆಡುತ್ತದೆಂಬುದು ನಿಜ. ಆದರೆ ಕೆಟ್ಟಾಗ ಅದರ ದುರಸ್ತಿ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ನಮ್ಮ ಬಹುಪಾಲು ಹೊಸ ಬಂಡಿಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಫ್ಯೂಯಲ್ ಇಂಜೆಕ್ಷನ್ ಆಕ್ರಮಿಸಿದೆ. ಹೊಗೆ ಕಡಿಮೆಯಾಯಿತು, ಪರ್ವತದ ಮೇಲೆ ಎಂಜಿನ್ ತಾನೇ ಹೊಂದಿಕೊಳ್ಳುವಂತಾಯಿತು. ಇವು ನಿಸ್ಸಂದೇಹವಾಗಿ ಪ್ರಗತಿಯ ಲಕ್ಷಣಗಳು. ಆದರೆ ದೋಷವನ್ನು ಓದುವ ಸಾಧನವೂ ಅದರ ಸಂಕೇತಗಳ ಅರ್ಥವೂ ಕಂಪನಿಯ ವರ್ಕ್‌ಶಾಪಿನ ಬಾಗಿಲೊಳಗೇ ಉಳಿದರೆ, ಕಜಾಕಿಸ್ತಾನದ ಹುಲ್ಲುಗಾವಲಿನಲ್ಲಿ ನಿಂತ ಸವಾರನಿಗೆ ಸಣ್ಣದೊಂದು ಸೆನ್ಸರಿನ ದೋಷವೂ ಯಾತ್ರೆಯ ಅಂತ್ಯವಾಗಬಲ್ಲದು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬಂಡಿಗಳನ್ನು ಊರೂರಿನ ಮೆಕ್ಯಾನಿಕರು ಇಂದಿಗೂ ನಡೆಸಿಕೊಂಡು ಬಂದಿರುವುದಕ್ಕೆ, ಅವುಗಳ ಅಂತರಂಗ ಅವರಿಗೆ ತೆರೆದಿದ್ದುದೂ ಮುಖ್ಯ ಕಾರಣವಲ್ಲವೇ?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನು ನೇಮಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿ, ಆ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆದದ್ದು ಸ್ವಾಗತಾರ್ಹವೇ. ಅಷ್ಟಕ್ಕೆ ತೃಪ್ತಿಪಡುವಂತಿಲ್ಲ. ಪ್ರತಿಯೊಂದು ಬಂಡಿಯ ದುರಸ್ತಿ ಕೈಪಿಡಿಯೂ ದೋಷಸಂಕೇತಗಳ ಪಟ್ಟಿಯೂ ಕನ್ನಡದಲ್ಲಿ ಒಡೆಯನಿಗೆ ದೊರೆಯುವಂತೆ ಕಾನೂನೇ ವಿಧಿಸಬೇಕು. ನಮ್ಮ ಸರ್ಕಾರಿ ಐಟಿಐಗಳು ವಾರಾಂತ್ಯದಲ್ಲಿ ಸಾಮಾನ್ಯ ಸವಾರರಿಗೂ ದುರಸ್ತಿಯ ಪಾಠ ಹೇಳಬೇಕು. ದೇಶಾಂತರಕ್ಕೆ ಹೊರಡುವ ತರುಣರು ಊರಿನ ಗ್ಯಾರೇಜಿನಲ್ಲಿ ಕೆಲಕಾಲ ಮಸಿ ಬಳಿದುಕೊಂಡು ಶಿಷ್ಯವೃತ್ತಿ ಮಾಡಲು ನಾಚಬಾರದು. ಆ ಗ್ಯಾರೇಜಿನ ಮೇಸ್ತ್ರಿಯ ವಿದ್ಯೆಗೆ ನಮ್ಮ ಸಮಾಜವು ಇಷ್ಟು ದಿನ ಸಲ್ಲಿಸದೆ ಉಳಿಸಿಕೊಂಡ ಗೌರವವು ಆಗಲಾದರೂ ಸಲ್ಲುವುದು. ಆತನಿಂದ ಕಲಿತು ಹೊರಟವನು ಯಾವ ಗಡಿಯಾಚೆ ನಿಂತರೂ ನಿರುಪಾಯನಾಗಿ ನಿಲ್ಲಲಾರನು.