ಹೆಬ್ಬೆರಳ ಗಾತ್ರದ ಸೈನಿಕರು

ಓದುಗರೇ, ನಿಮ್ಮ ಹೆಬ್ಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗಿನ ಉದ್ದವನ್ನೊಮ್ಮೆ ನೋಡಿಕೊಳ್ಳಿ. ಹೆಚ್ಚು ಕಡಿಮೆ ಅಷ್ಟೇ ಎತ್ತರದ ಒಬ್ಬ ಸೈನಿಕನನ್ನು ಊಹಿಸಿಕೊಳ್ಳಿ. ಅವನಿಗೆ ಮುಖವಿದೆ, ಗಡ್ಡವಿದೆ, ತಲೆಗೆ ಮುಂಡಾಸು, ಸೊಂಟಕ್ಕೆ ಪಟ್ಟಿ, ಕೈಯಲ್ಲಿ ಗುರಾಣಿ ಎಲ್ಲವೂ ಇದೆ. ಇವೆಲ್ಲಕ್ಕೂ ಕುಂಚದಿಂದ ಬಣ್ಣ ಹಚ್ಚಬೇಕು. ಕಣ್ಣಿನ ಬಿಳಿ ಭಾಗಕ್ಕೆ ಒಂದು ಬಣ್ಣ, ಪಾಪೆಗೆ ಇನ್ನೊಂದು. ಒಬ್ಬನಲ್ಲ, ಇಂತಹ ನಲುವತ್ತು, ನೂರು, ಇನ್ನೂರು ಮಂದಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಸಾವಿರಾರು ಮಂದಿ ದಿನದ ದುಡಿಮೆ ಮುಗಿಸಿ ಬಂದು, ರಾತ್ರಿ ಮೇಜಿನ ದೀಪದ ಕೆಳಗೆ ಕುಳಿತು ಮಾಡುವ ಕೆಲಸವಿದು. ಅವರಲ್ಲಿ ಹೆಚ್ಚಿನವರು ತಲೆ ನರೆತವರು ಎಂದರೆ ನಿಮಗೆ ನಗು ಬರಬಹುದು.

ನಗುವ ಮುನ್ನ ಈ ಹವ್ಯಾಸದ ವಂಶಾವಳಿಯನ್ನು ಸ್ವಲ್ಪ ಕೇಳಿ. ನಮ್ಮ ದೇಶದಲ್ಲಿ ಹುಟ್ಟಿದ ಚದುರಂಗ ಇರಾನ್ ದಾಟಿ ಅರಬರ ಕೈಗೆ ಬಂದು ಶತ್ರಂಜ್ ಆಯಿತು. ಬಗ್ದಾದಿನ ಅಬ್ಬಾಸೀ ಆಸ್ಥಾನದಲ್ಲಿ ಅದರ ಮೇಲೆ ಗ್ರಂಥಗಳೇ ರಚನೆಯಾದವು. ಅಲ್ಲಿಂದ ಅದು ಯುರೋಪಿಗೆ ಹೋಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್ವಿಗ್ ಎಂಬ ಅಧ್ಯಾಪಕ (ನೋಡಿ, ಅಧ್ಯಾಪಕರಿಗೆ ಬಿಡುವು ಸಿಕ್ಕರೆ ಏನೆಲ್ಲ ಮಾಡುತ್ತಾರೆ!) ಅದೇ ಮಣೆಯನ್ನು ಹಿಗ್ಗಿಸಿ, ಅದರಲ್ಲಿ ನದಿ, ಗುಡ್ಡ, ಊರುಗಳನ್ನು ಸೇರಿಸಿ, ಯುದ್ಧವಿದ್ಯೆ ಕಲಿಸುವ ಆಟವೊಂದನ್ನು ಪ್ರಕಟಿಸಿದ. 1824ರಲ್ಲಿ ಪ್ರಷ್ಯಾದ ಸೇನೆ ಇಂತಹದೇ ಇನ್ನೊಂದು ಆಟವನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. ಮುಂದೆ 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪೆನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಗ್ಗವಾಗಿ ಎರಕ ಹೊಯ್ಯಲು ತೊಡಗಿದಾಗ ಅವು ಸಾಮಾನ್ಯರ ಮಕ್ಕಳ ಕೈಗೂ ಬಂದವು. 1913ರಲ್ಲಿ ಪ್ರಸಿದ್ಧ ಸಾಹಿತಿ ಎಚ್.ಜಿ.ವೆಲ್ಸ್ ಈ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ಆಡುವ ನಿಯಮಗಳನ್ನು 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಬರೆದರು. ಇಂದಿನ ಹವ್ಯಾಸಿಗಳು ತಮ್ಮ ಮೂಲಪುರುಷನೆಂದು ನೆನೆಯುವುದು ಅವರನ್ನೇ.

ಯುದ್ಧವನ್ನು ಆಟವಾಗಿಸುವುದು ಸರಿಯೇ ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ವೆಲ್ಸ್‌ರಿಗೂ ಇದು ಹೊಳೆದಿತ್ತು. ಈ ಆಟವನ್ನು ಮೂರು ನಾಲ್ಕು ಬಾರಿ ಆಡಿದರೆ ಸಾಕು, ನಿಜವಾದ ಮಹಾಯುದ್ಧ ಎಂತಹ ಎಡವಟ್ಟಿನ ವ್ಯವಹಾರವೆಂಬುದು ಅರ್ಥವಾಗುತ್ತದೆ ಎಂಬ ಅಭಿಪ್ರಾಯವನ್ನು ಅವರು ಆ ಪುಸ್ತಕದ ಕೊನೆಯಲ್ಲಿ ವ್ಯಕ್ತಪಡಿಸಿದ್ದಾರೆ. ಮರುವರ್ಷವೇ, 1914ರಲ್ಲಿ, ಮಹಾಯುದ್ಧ ಆರಂಭವಾಯಿತು. ಆಟವಾಡದ ಮಂದಿ ಲಕ್ಷಾಂತರ ಯುವಕರನ್ನು ಕಂದಕಗಳಿಗೆ ಕಳುಹಿಸಿದರು. ಇಂದಿಗೂ ಈ ಹವ್ಯಾಸಿಗಳಲ್ಲಿ ಕೆಲವರು ಬದುಕಿರುವವರ ನೆನಪಿನಲ್ಲಿರುವ ಯುದ್ಧಗಳನ್ನು ಮೇಜಿನ ಮೇಲೆ ತರುವುದಿಲ್ಲ. ಅದು ಒಳ್ಳೆಯ ಲಕ್ಷಣ ಎಂದು ನನಗನಿಸುತ್ತದೆ.

ಆದರೆ ನಾನಿಲ್ಲಿ ಹೇಳಹೊರಟಿರುವುದು ಆಟದ ಬಗ್ಗೆಯಲ್ಲ, ಬಣ್ಣ ಹಚ್ಚುವ ಕೆಲಸದ ಬಗ್ಗೆ.

ಅಚ್ಚಿನಿಂದ ಹೊರಬಂದ ಸೈನಿಕನ ಪಕ್ಕೆಯಲ್ಲಿ, ಅಚ್ಚಿನ ಎರಡು ಭಾಗಗಳು ಕೂಡುವ ಕಡೆ, ತೆಳುವಾದ ಗೆರೆಯೊಂದು ಎದ್ದಿರುತ್ತದೆ. ಮೊದಲು ಅದನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಹಿಡಿದುಕೊಳ್ಳಲು ಅನುಕೂಲವಾಗುವಂತೆ ಬಾಟಲಿಯ ಮುಚ್ಚಳಕ್ಕೆ ಅಂಟಿಸಬೇಕು. ಆ ಮೇಲೆ ಇಡೀ ಮೈಗೆ ಕಪ್ಪು ಅಥವಾ ಬಿಳಿಯ ಅಡಿಬಣ್ಣ. ಅದು ಒಣಗಿದ ನಂತರ ಅಂಗಿಗೆ, ಚರ್ಮಕ್ಕೆ, ಕಬ್ಬಿಣಕ್ಕೆ ಬೇರೆ ಬೇರೆ ಮೂಲಬಣ್ಣ. ಬಳಿಕ ನೀರಾಗಿ ಕಲಸಿದ ಕಂದು ಬಣ್ಣವನ್ನು ಮೇಲಿನಿಂದ ಹರಿಯಬಿಟ್ಟರೆ ಅದು ಬಟ್ಟೆಯ ಮಡಿಕೆಗಳಿಗೆ ಇಳಿದು ನೆರಳಾಗಿ ನಿಲ್ಲುತ್ತದೆ. ಕೊನೆಗೆ ಮಡಿಕೆಯ ಏಣುಗಳಿಗೆ, ಮೂಗಿನ ತುದಿಗೆ, ಕೆನ್ನೆಯ ಮೂಳೆಗೆ ಮೂಲಬಣ್ಣದ ಇನ್ನಷ್ಟು ತಿಳಿಯಾದ ಛಾಯೆ. ಸಣ್ಣ ವಸ್ತುವಿನ ಮೇಲೆ ಬಿಸಿಲು ತಾನಾಗಿ ನೆರಳು ಬೀರುವುದಿಲ್ಲವಾದ್ದರಿಂದ ಬಿಸಿಲು ನೆರಳು ಎರಡನ್ನೂ ಕುಂಚವೇ ತರಬೇಕಾಗುತ್ತದೆ. ಇದನ್ನು ಮೊದಲ ಬಾರಿ ತಿಳಿದಾಗ ನನಗೆ ಬಹಳ ಕುತೂಹಲವೆನಿಸಿತು. ಮುಂದಿನದ್ದು ಕಾಲಡಿಯ ತುಂಡಿಗೆ ಅಂಟು ಹಚ್ಚಿ ಮರಳು ಉದುರಿಸುವುದು, ವಾರ್ನಿಶ್ ಬಳಿಯುವುದು ಇತ್ಯಾದಿ.

ಕುಂಚದ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು. ಈ ಕೆಲಸಕ್ಕೆ ಅತ್ಯುತ್ತಮವೆಂದು ಹೇಳಲಾಗುವ ಕೊಲಿನ್ಸ್ಕಿ ಕುಂಚವನ್ನು ಮಾಡುವುದು ಸೈಬೀರಿಯಾದ ವೀಸೆಲ್ ಎಂಬ ಪ್ರಾಣಿಯ ಬಾಲದ ಕೂದಲಿನಿಂದ. ತುದಿ ಚೂಪಾಗಲೆಂದು ಅದನ್ನು ಬಾಯಿಗಿಟ್ಟು ಚೀಪುವ ಅಭ್ಯಾಸ ಅಲ್ಲಿನ ಅನೇಕರಿಗಿದೆ. ಫಿಕ್‌ಹ್ ಓದಿದವರಿಗೆ ಇದರ ಸಮಸ್ಯೆಯನ್ನು ವಿವರಿಸಬೇಕಾಗಿಲ್ಲ. ನೈಲಾನ್ ಕುಂಚಗಳು ಸಿಗುತ್ತವೆ. ಅವನ್ನೂ ಬಾಯಿಗಿಡದಿರುವುದೇ ಆರೋಗ್ಯ.

ಈ ಹವ್ಯಾಸಿಗಳಿಗೆಲ್ಲ ಒಂದು ಸಮಾನ ರೋಗವಿದೆ. ಕೊಳ್ಳುವುದು ಸುಲಭ, ಮುಗಿಸುವುದು ಕಷ್ಟ. ಆಸೆಪಟ್ಟು ತಂದ ಸೈನಿಕರು ಬಣ್ಣ ಕಾಣದೆ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಾರೆ. ಆ ರಾಶಿಯನ್ನು ಅವರೇ ತಮಾಷೆಯಾಗಿ 'ಸೀಸದ ಗುಡ್ಡ' ಎನ್ನುತ್ತಾರೆ. (ನಮ್ಮ ಮನೆಗಳಲ್ಲಿ ಅರ್ಧಕ್ಕೆ ನಿಂತ ಕಸೂತಿ, ಎರಡು ಪುಟ ತಿರುವಿ ಮುಚ್ಚಿಟ್ಟ ತಫ್ಸೀರ್ ಸಂಪುಟಗಳಿಲ್ಲವೇ?) ಈ ರೋಗಕ್ಕೆ ಅವರು ಕಂಡುಕೊಂಡ ಮದ್ದು ಸ್ನೇಹದ ಪಂದ್ಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಚಳಿಗೆ ಹೊರಗೆ ಹೋಗಲಾಗದ ತಿಂಗಳುಗಳಲ್ಲಿ, ಗೆಳೆಯರ ಗುಂಪೊಂದು ಸೇರಿ ಯಾರು ಎಷ್ಟು ಮುಗಿಸುತ್ತಾರೆಂದು ಲೆಕ್ಕವಿಡುತ್ತದೆ. ಕಾಲಾಳಿಗೆ ಇಂತಿಷ್ಟು ಅಂಕ, ಕುದುರೆ ಸವಾರನಿಗೆ ಅದರ ಎರಡು ಪಟ್ಟು, ಇನ್ನೂ ಸಣ್ಣ ಗಾತ್ರದವಕ್ಕೆ ಕಡಿಮೆ. ಮುಗಿಸಿದವರು ಅದರ ಚಿತ್ರ ತೆಗೆದು ಎಲ್ಲರಿಗೂ ತೋರಿಸಬೇಕು.

ನನಗೆ ಬಹಳ ಹಿಡಿಸಿದ್ದು ಅದರ ಒಂದು ನಿಯಮ. ಗುರಿಯನ್ನು ಅವರವರೇ ನಿಗದಿ ಮಾಡಿಕೊಳ್ಳುತ್ತಾರೆ. ಸಣ್ಣ ಮಕ್ಕಳಿರುವ ತಂದೆಯೊಬ್ಬ 300 ಅಂಕವೆಂದು ಬರೆಸುತ್ತಾನೆ, ನಿವೃತ್ತನೊಬ್ಬ 2000 ಎನ್ನುತ್ತಾನೆ. 300 ಮುಟ್ಟಿದವನಿಗೂ 2000 ಮುಟ್ಟಿದವನಿಗೂ ಸಿಗುವ ಶಹಬಾಸ್‌ಗಿರಿ ಒಂದೇ. ಹಣದ ಬಾಜಿ ಇರುವುದಿಲ್ಲ. ಕೆಲವು ಕೂಟಗಳಲ್ಲಂತೂ ಪ್ರವೇಶ ಶುಲ್ಕವೆಂದರೆ ನಡೆಸಿಕೊಡುವಾತನಿಗಾಗಿ ಕೈಯಾರೆ ಬಣ್ಣ ಹಚ್ಚಿದ ಒಂದು ಸೈನಿಕ. ಒಂದು ರೀತಿಯ ಹದಿಯಾ ಎನ್ನಿ. ದಿನಕ್ಕೆ ಅರ್ಧ ಗಂಟೆ, ಆದರೆ ದಿನವೂ. ಚಿಕ್ಕದಾದರೂ ಎಡೆಬಿಡದೆ ಮಾಡುವ ಕರ್ಮದ ಬಗ್ಗೆ ಪ್ರವಾದಿವರ್ಯರು(ಸ) ಏನು ಹೇಳಿದ್ದಾರೆಂಬುದು ನಿಮಗೆ ಗೊತ್ತಿದೆ. ಮಾರ್ಚ್ ಮುಗಿಯುವಾಗ, ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಪಡೆ ಮೇಜಿನ ಮೇಲೆ ನಿಂತಿರುತ್ತದೆ.

ಈ ಸೈನಿಕರನ್ನು ಕಡೆದು ಕೊಡುವವರ ಪೈಕಿ ನಾಟಿಂಗ್‌ಹ್ಯಾಮ್‌ನ ಪೆರಿ ಸಹೋದರರು ಪ್ರಸಿದ್ಧರು. ಅಲನ್ ಮತ್ತು ಮೈಕೆಲ್ ಅವಳಿಗಳು. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹಳೆಯ ಯುದ್ಧವೊಂದರ ಮರುಅಭಿನಯ ನಡೆಯುತ್ತಿದ್ದಾಗ ಫಿರಂಗಿಯ ಅಪಘಾತದಲ್ಲಿ ಮೈಕೆಲ್ ಬಲಗೈ ಕಳೆದುಕೊಂಡರು. ಅದುವರೆಗೆ ಅನ್ನ ಕೊಟ್ಟಿದ್ದು ಆ ಕೈ. ಅವರು ಎಡಗೈಯನ್ನು ಪಳಗಿಸಿಕೊಂಡು ಮತ್ತೆ ಅದೇ ಹೆಬ್ಬೆರಳ ಗಾತ್ರದ ಮುಖಗಳನ್ನು ಕಡೆಯತೊಡಗಿದರು.

ಇನ್ನು ನಿಮ್ಮ ಮನಸ್ಸಿನಲ್ಲಿ ಆಗಲೇ ಎದ್ದಿರುವ ಪ್ರಶ್ನೆಗೆ ಬರೋಣ. ಜೀವಿಗಳ ಪ್ರತಿಮೆ ನಮಗೆ ಅನುಮತಿಯೇ? ಅಲಂಕಾರಕ್ಕಾಗಿ ಪೂರ್ಣ ರೂಪದ ಪ್ರತಿಮೆಗಳನ್ನು ಇಡುವುದನ್ನು ಉಲಮಾಗಳು ನಿಷೇಧಿಸಿದ್ದಾರೆ. ಮಕ್ಕಳ ಬೊಂಬೆಗಳಿಗೆ ಹೆಚ್ಚಿನವರು ವಿನಾಯಿತಿ ನೀಡಿದ್ದಾರೆ. ಅದಕ್ಕೆ ಆಧಾರವಾಗಿರುವ ಹದೀಸ್‌ಗಳಲ್ಲಿ ಒಂದು ಬಹಳ ಸುಂದರವಾಗಿದೆ. ಗಾಳಿಗೆ ಪರದೆ ಸರಿದಾಗ ಹಝ್ರತ್ ಆಯಿಶಾ(ರ)ರ ಬೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿರುವ ಕುದುರೆಯೊಂದು ಪ್ರವಾದಿವರ್ಯರ(ಸ) ಕಣ್ಣಿಗೆ ಬಿತ್ತು. ಕುದುರೆಗೆ ರೆಕ್ಕೆಯೇ ಎಂದು ಅವರು ವಿಚಾರಿಸಿದಾಗ, ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದ ವಿಚಾರ ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆ ಹಲ್ಲುಗಳು ಕಾಣುವಷ್ಟು ನಕ್ಕರು. ಅಬೂದಾವೂದ್‌ನಲ್ಲಿ ಇದು ಉಲ್ಲೇಖವಾಗಿದೆ. ಆದರೆ ಐವತ್ತರ ವಯಸ್ಸಿನವನ ಕಪಾಟಿನಲ್ಲಿ ಸಾಲಾಗಿ ನಿಂತ ಸೈನಿಕರನ್ನು ಮಕ್ಕಳ ಬೊಂಬೆಯೆನ್ನುವುದು ಕಷ್ಟ. ಮೇಲಾಗಿ ಆ ಆಟಗಳಲ್ಲಿ ಹೆಚ್ಚಿನವು ದಾಳ ಉರುಳಿಸಿ ಆಡುವಂತಹವು. ಶಾಫಿಈ ಮದ್‌ಹಬ್‌ನಲ್ಲಿ ಬಾಜಿಯಿಲ್ಲದ, ನಮಾಝ್ ತಪ್ಪಿಸದ ಚದುರಂಗಕ್ಕೆ ಕರಾಹತ್ ಎಂದಷ್ಟೇ ಹೇಳಿದ್ದರೂ ದಾಳದ ವಿಷಯದಲ್ಲಿ ನಿಲುವು ಕಠಿಣವಾಗಿದೆ. ಆದ್ದರಿಂದ ಈ ಬೊಂಬೆಗಳನ್ನು ತರಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ನಿಮ್ಮ ವಿಶ್ವಾಸದ ಆಲಿಮರಲ್ಲಿ ಕೇಳಿಕೊಳ್ಳಿ.

ಹಾಗಾದರೆ ಇದನ್ನು ಬರೆಯುವ ಅಗತ್ಯವೇನು? ಹೇಳುತ್ತೇನೆ.

ಪೆರಿ ಸಹೋದರರ ಪಟ್ಟಿಯಲ್ಲಿ ಶಿಲುಬೆ ಯುದ್ಧಗಳ ವಿಭಾಗವೊಂದಿದೆ. ಅದರಲ್ಲಿ ಕ್ರೈಸ್ತ ಯೋಧರೂ ಇದ್ದಾರೆ, ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಯೋಧರೂ ಇದ್ದಾರೆ. ಎದುರು ಪಡೆಯಿಲ್ಲದೆ ಆಟವಿಲ್ಲವಾದ್ದರಿಂದ ಹವ್ಯಾಸಿಯೊಬ್ಬ ಅನೇಕ ಬಾರಿ ಎರಡೂ ಪಡೆಗಳಿಗೆ ತಾನೇ ಬಣ್ಣ ಹಚ್ಚುತ್ತಾನೆ. ರಿಚರ್ಡ್ ರಾಜನ ಸೈನಿಕನ ಕಣ್ಣು ಬರೆದ ಅದೇ ಕುಂಚ ಸಲಾಹುದ್ದೀನರ ಸವಾರನ ಕಣ್ಣನ್ನೂ ಬರೆಯುತ್ತದೆ. ಬರೆಯುವ ಮುನ್ನ ಅವನು ಓದಬೇಕು. ಆ ಸವಾರನ ಅಂಗಿಯ ಬಣ್ಣ ಯಾವುದು? ಧ್ವಜ ಯಾವುದು? ಊಹೆಯಿಂದ ಹಚ್ಚಿದರೆ ಗೆಳೆಯರು ಬಿಡುವುದಿಲ್ಲ.

ನಾನು ತರಗತಿಯಲ್ಲಿ ಮಕ್ಕಳಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದೇನೆ. ಸಲಾಹುದ್ದೀನರ ಧ್ವಜದ ಬಣ್ಣ ಯಾವುದು? ಒಂದೇ ದನಿಯಲ್ಲಿ ಉತ್ತರ ಬರುತ್ತದೆ: ಹಸಿರು! ಅಲ್ಲ, ಹಳದಿ. 1187ರಲ್ಲಿ ಬೈತುಲ್ ಮುಖದ್ದಸ್ ಮರಳಿ ಬಂದದ್ದು ಹಳದಿ ಧ್ವಜಗಳಡಿಯಲ್ಲಿ. ಅವರ ಅಂಗರಕ್ಷಕ ಮಮ್ಲೂಕರ ಬಗ್ಗೆಯೂ ನಮಗೆ ಗೊತ್ತಿದೆ. ಸುಮಾರು ಸಾವಿರ ಮಂದಿ, ಸುಲ್ತಾನರಂತೆಯೇ ಕವಚದ ಮೇಲೆ ಹಳದಿ ರೇಷ್ಮೆ ತೊಟ್ಟವರು. ಇದನ್ನು ದಾಖಲಿಸಿದವನು ಯಾರು ಬಲ್ಲಿರಾ? ಟೈರ್‌ನ ವಿಲಿಯಂ ಎಂಬ ಕ್ರೈಸ್ತ ಪಾದ್ರಿ, ಸಲಾಹುದ್ದೀನರು ಸೋತ 1177ರ ಯುದ್ಧದ ವೃತ್ತಾಂತದಲ್ಲಿ. ಅತ್ತ ರಿಚರ್ಡ್ ಜ್ವರದಲ್ಲಿ ಮಲಗಿದ್ದಾಗ ಸುಲ್ತಾನರು ಹಣ್ಣು ಮತ್ತು ಮಂಜುಗಡ್ಡೆ ಕಳುಹಿಸಿದ್ದನ್ನು ಬರೆದಿಟ್ಟವರು ನಮ್ಮ ಬಹಾಉದ್ದೀನ್. ಯುದ್ಧ ನಡೆಯುತ್ತಿದ್ದಾಗಲೂ ಎದುರಾಳಿಯನ್ನು ಕಣ್ಣಿಟ್ಟು ನೋಡಿದ ಜನ ಎರಡೂ ಕಡೆ ಇದ್ದರು. ನಾವೋ, ನಮ್ಮವರನ್ನೇ ನೋಡದೆ ಕೇವಲ ಹೆಸರು ಹೇಳಿ ಘೋಷಣೆ ಕೂಗುವುದನ್ನು ಇತಿಹಾಸವೆಂದುಕೊಂಡಿದ್ದೇವೆ.

ನಮ್ಮ ನಾಡಿನ ವಿಷಯಕ್ಕೇ ಬನ್ನಿ. ಮೈಸೂರು ಯುದ್ಧಗಳಿಗೆ ಬಣ್ಣ ಹಚ್ಚುವ ಹವ್ಯಾಸಿಗಳೂ ಬ್ರಿಟನ್‌ನಲ್ಲಿದ್ದಾರೆ. ಟಿಪ್ಪು ಸುಲ್ತಾನರ ಸಿಪಾಯಿಯ ಅಂಗಿ ಅವರಿಗೆ ನಿಜವಾದ ಪರೀಕ್ಷೆ. ನೇರಳೆ ಬಟ್ಟೆ, ಅದರ ಮೇಲೆ ಬಿಳಿಯ ವಜ್ರಾಕೃತಿಯ ಬೊಟ್ಟುಗಳು. 'ಹುಲಿ ಅಂಗಿ' ಎಂದು ಅದನ್ನು ವರ್ಣಿಸಿದವರು ಅವರ ವಿರುದ್ಧ ಹೋರಾಡಿದ ಇಂಗ್ಲಿಷರೇ. ಹೆಬ್ಬೆರಳ ಗಾತ್ರದ ಬೆನ್ನಿನ ಮೇಲೆ ಆ ಬೊಟ್ಟುಗಳನ್ನು ಒಂದೊಂದಾಗಿ ಇಡುವವನ ತಾಳ್ಮೆಯನ್ನು ಯೋಚಿಸಿ. ನಮ್ಮ ಕಡೆಯವರು ನೋಡಿದ್ದಕ್ಕೂ ಸಾಕ್ಷಿಯಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೆಲ್ವಿಗ್ ಬ್ರೌನ್‌ಶ್ವೈಗ್‌ನಲ್ಲಿ ಆಟ ಪ್ರಕಟಿಸಿದ ಅದೇ ವರ್ಷ! ಕಂಪೆನಿಯ ಕೆಂಪು ಕೋಟಿನವರು ಚೌಕಾಕಾರವಾಗಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಮದ್ದಿನ ಗಾಡಿ ಸಿಡಿಯುತ್ತಿದೆ. ಪ್ರವಾಸ ಹೋದವರು ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ? ಎರಡು ನಿಮಿಷವೂ ಇಲ್ಲ. 19ನೇ ಶತಮಾನದಲ್ಲಿ ಡಾಲ್‌ಹೌಸಿಯ ಆದೇಶದಂತೆ ಅದಕ್ಕೆ ಮತ್ತೆ ಬಣ್ಣ ಹಚ್ಚಲಾಗಿರುವುದರಿಂದ ಪ್ರತಿಯೊಂದು ಬಣ್ಣವನ್ನೂ ಮೂಲದ್ದೆಂದು ನಂಬುವಂತಿಲ್ಲ ಎಂಬುದೂ ನೆನಪಿರಲಿ.

ಪ್ರತಿಮೆಯ ಚರ್ಚೆಗೆ ಸಿಲುಕದೆ ನಮ್ಮ ಮನೆಗಳಲ್ಲಿ ಮಾಡಬಹುದಾದದ್ದೂ ಇದೆ. ಆ ಹವ್ಯಾಸಿಗಳು ಸೈನಿಕರಷ್ಟೇ ಶ್ರದ್ಧೆಯಿಂದ ಕೋಟೆ, ಸೇತುವೆ, ಮಸೀದಿ, ಹಡಗು, ಹೊಲಗಳನ್ನೂ ಮಾಡುತ್ತಾರೆ. ರಜೆಯಲ್ಲಿ ನಿಮ್ಮ ಮಕ್ಕಳನ್ನೂ ಅಕ್ಕಪಕ್ಕದ ಮಕ್ಕಳನ್ನೂ ಸೇರಿಸಿ, ಶ್ರೀರಂಗಪಟ್ಟಣದ ಕೋಟೆಯನ್ನು ರಟ್ಟಿನಲ್ಲಿ ಮಾಡುವ ಪಂದ್ಯವಿಡಿ. ಗುರಿಯನ್ನು ಮಕ್ಕಳೇ ಹೇಳಲಿ. ಒಬ್ಬನಿಗೆ ಒಂದು ಬುರುಜು, ಇನ್ನೊಬ್ಬಳಿಗೆ ಇಡೀ ಉತ್ತರದ ಗೋಡೆ. ರಟ್ಟಿಗೆ ಅಂಟು ಹಚ್ಚಿ ಮರಳು ಉದುರಿಸಿ, ಒಣಗಿದ ಮೇಲೆ ಕಪ್ಪು ಬಳಿಯಿರಿ. ನಂತರ ಕುಂಚದ ಬಣ್ಣವನ್ನು ಕಾಗದಕ್ಕೆ ಒರೆಸಿ, ಉಳಿದ ಒಣ ಬೂದುಬಣ್ಣವನ್ನು ಮೇಲುಮೇಲಕ್ಕೆ ಸವರಿದರೆ ಕಲ್ಲಿನ ಗೋಡೆಯೇ ಆಗಿಬಿಡುತ್ತದೆ. ಕಾವೇರಿಗೆ ಮಾತ್ರ ನೀಲಿ ಬಳಿಯಲು ಮಕ್ಕಳು ಅವಸರ ಮಾಡುತ್ತಾರೆ, ಸ್ವಲ್ಪ ತಡೆಯಿರಿ. ಕೋಟೆ ಬಿದ್ದದ್ದು 1799ರ ಮೇ 4ರಂದು. ಮಳೆ ಇನ್ನೂ ಬಂದಿರಲಿಲ್ಲ, ನದಿ ಇಳಿದು ಬಂಡೆಗಳು ಎದ್ದು ಕಾಣುತ್ತಿದ್ದವು, ಕಂಪೆನಿಯ ಸೈನಿಕರು ಕಾಲ್ನಡಿಗೆಯಲ್ಲೇ ದಾಟಿ ಬಂದರು. ಆ ದಿನದ ಕಾವೇರಿಗೆ ಯಾವ ಬಣ್ಣ ಹಚ್ಚಬೇಕೆಂದು ಅವರನ್ನೇ ಕೇಳಿ ನೋಡಿ.